ನಲವತ್ತು ವೀರರು

ಸ್ನಾನ ಮುಗಿಸಿ ಬಂದು ಅವನು ಮೊಬೈಲ್ ತೆರೆದ. ಆಟದಲ್ಲಿ ಒಬ್ಬೊಬ್ಬರನ್ನಾಗಿ ಗೆದ್ದು ಕೂಡಿಹಾಕಿದ್ದ ನಲವತ್ತು ವೀರರಲ್ಲಿ ಒಬ್ಬನೂ ಉಳಿದಿರಲಿಲ್ಲ.

"ಯಾರು ಮುಟ್ಟಿದ್ದು ಇದನ್ನ?"

"ನಾನೇ." ಹೆಂಡತಿ ಹೆಂಚಿನಿಂದ ಕಣ್ಣೆತ್ತಲಿಲ್ಲ. "ಒಬ್ಬರನ್ನ ಇನ್ನೊಬ್ಬರಿಗೆ ಆಹುತಿ ಕೊಟ್ರೆ ಬಲ ಬರುತ್ತೆ ಅಂತ ಫೋನಲ್ಲಿ ಗೆಳೆಯನಿಗೆ ಹೇಳ್ತಿದ್ರಲ್ಲ. ಕೇಳಿಸ್ಕೊಂಡಿದ್ದೆ."

"ಬುದ್ಧಿ ನೆಟ್ಟಗಿದೆಯಾ ನಿಂಗೆ? ಆಹುತಿ ಆದೋರು ವಾಪಸ್ ಬರಲ್ಲ. ನಾಲ್ಕು ವರ್ಷದ ಕಷ್ಟ ಕಣೇ."

"ನಂದೂ ನಾಲ್ಕು ವರ್ಷಾನೇ."

"ಯಾವ ದರಿದ್ರಕ್ಕೆ ಕೊಟ್ಟೆ ಎಲ್ಲಾರನ್ನೂ?"

ಅವಳು ದೋಸೆ ಮಗುಚಿದಳು. "ಕೆಳಗಡೆ ಇದಾಳೆ. ನೋಡ್ಕೊಳ್ಳಿ."

ಹಲ್ಲು ಕಡಿಯುತ್ತ ಅವನು ವೀರರ ಪಟ್ಟಿಯನ್ನು, ಖಾಲಿ ಚೌಕಗಳನ್ನು ದಾಟಿ, ತುದಿಯವರೆಗೆ ಸರಿಸಿದ. ಮದುವೆಯ ಹೊಸತರಲ್ಲಿ, ಆಟ ಶುರು ಮಾಡಿದ ದಿನ ಪುಕ್ಕಟೆಯಾಗಿ ಸಿಕ್ಕಿದ್ದ ಬಿಲ್ಲುಗಾರ್ತಿ ಅಲ್ಲಿದ್ದಳು. ಒಮ್ಮೆಯೂ ಯುದ್ಧಕ್ಕೆ ಕರೆಯದೆ ಅವನು ಮೂಲೆಗೆ ತಳ್ಳಿದ್ದವಳು ಈಗ ಚಿನ್ನದ ಕವಚ ತೊಟ್ಟು, ನೂರನೆಯ ಮಟ್ಟದಲ್ಲಿ ಒಬ್ಬಳೇ ನಿಂತಿದ್ದಳು. ಅವಳ ಕಾಲಡಿಯಲ್ಲಿ, ಅಂದು ಅವನೇ ಆಸೆಪಟ್ಟು ಇಟ್ಟಿದ್ದ ಹೆಸರು ಹೊಳೆಯುತ್ತಿತ್ತು: ಹೆಂಡತಿಯದು.