ಪುಕ್ಕಟೆ ಕೊಳಲು

“ಆ ಕೊಳಲು ನುಡಿಸಿದ್ದು ನಮ್ಮಪ್ಪ. ಈಗಿಲ್ಲ,” ಎಂದಳು ಫೋನಿನಲ್ಲಿ ಕೊಳಲುಗಾರನ ಮಗಳು.

ಸಂಗೀತ ಸಂಯೋಜಕನ ಕೋಣೆಯಲ್ಲಿ ಹತ್ತು ವಾದ್ಯಗಳ ಮೇಳವಿತ್ತು, ಮನುಷ್ಯ ಅಂತ ಅವನೊಬ್ಬನೇ. ಕೀಬೋರ್ಡ್ ಒತ್ತಿದರೆ ನುಡಿಯುವ, ಯಾರೋ ರೆಕಾರ್ಡ್ ಮಾಡಿಟ್ಟ ಸ್ವರಗಳೆಲ್ಲ ಇಂಟರ್‌ನೆಟ್ಟಿನಿಂದ ಪುಕ್ಕಟೆ ಇಳಿಸಿಕೊಂಡವು. ಕೊಳಲಿನ ಜೊತೆ ‘ಯಾರಾದರೂ ಬಳಸಿ’ ಎಂದಷ್ಟೇ ಬರೆದಿತ್ತು. ಮಾರುವ ಹಾಡಿಗೂ ಬಳಸಬಹುದೇ ಎಂದರೆ ವಕೀಲರು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಒಪ್ಪಿಗೆ ಪತ್ರವಿಲ್ಲದೆ ಹಾಡು ಬೇಡವೆಂದರು ಅದನ್ನು ಕೊಳ್ಳಲಿದ್ದ ಜಾಹೀರಾತಿನವರು; ಅದಕ್ಕೇ ಈ ಫೋನು.

“ಸಹಿ ಹಾಕ್ಕೊಡ್ತೀನಿ ಬಿಡಿ. ಊದೋಕೆ ಮುಂಚೆ ಅಪ್ಪ ಜೋರಾಗಿ ಉಸಿರೆಳ್ಕೊಳ್ಳೋರು. ನಮ್ಮತ್ರ ಒಂದು ರೆಕಾರ್ಡಿಂಗೂ ಉಳಿದಿಲ್ಲ. ಆ ಉಸಿರನ್ನೊಮ್ಮೆ ಕೇಳಿಸ್ತೀರಾ?”

ಆ ಉಸಿರನ್ನು ಬೇಡದ ಸದ್ದೆಂದು ಅವನು ಒಂದೊಂದು ಸ್ವರದಿಂದಲೂ ಕತ್ತರಿಸಿ ಎಸೆದಿದ್ದ; ಮೂಲಪ್ರತಿಯನ್ನೂ ಇಟ್ಟಿರಲಿಲ್ಲ, ಇಳಿಸಿಕೊಂಡ ಜಾಲತಾಣವೂ ಈಗ ಮುಚ್ಚಿತ್ತು. ಫೋನನ್ನು ಬಾಯಿಗೆ ಹಿಡಿದು, ತಾನೇ ಜೋರಾಗಿ ಉಸಿರೆಳೆದು, ಕೀಬೋರ್ಡಿನಲ್ಲಿ ಕೊಳಲು ನುಡಿಸಿದ.

“ಹೂಂ, ಅಪ್ಪಾನೇ,” ಎಂದಳು ಅವಳು. “ಇನ್ನೊಂದ್ಸಲ ಹಾಕ್ತೀರಾ?”