ಅರ್ಧ ಬೆರಳು

ಬೇಸಿಗೆ ಆಗತಾನೇ ಕಾಲಿಟ್ಟಿತ್ತು. ಭಾನುವಾರ, ಮಧ್ಯಾಹ್ನ ಮೂರು ಗಂಟೆ. ತಮ್ಮನ ಕುದುರೆಗಳು ಹೊಳೆ ದಾಟಿದವು. ಅಣ್ಣ ಕೈಯಲ್ಲಿದ್ದ ಬಿದಿರುಕೋಲನ್ನು ಕಲ್ಲುನೆಲಕ್ಕೆ ಟಕ್ಕನೆ ಕುಟ್ಟಿದ.

“ಮೋಸ!”

ಹೊಳೆ ಎಂದರೆ ಹಸಿರು ಬಟ್ಟೆಯ ಮೇಲೆ ಹಾಸಿದ ನೀಲಿ ಪಟ್ಟಿ. ಕುದುರೆಗಳು ಹೆಬ್ಬೆರಳುದ್ದದ ಸೀಸದ ಗೊಂಬೆಗಳು. ಎರಡು ಸಾವಿರ ವರ್ಷದ ಹಿಂದೆ ಇಬ್ಬರು ರಾಜರು ಒಂದು ಹೊಳೆಗಾಗಿ ಕಾದಾಡಿದ ಕಥೆಯನ್ನು ಇವರ ಅಪ್ಪ ಹೇಳುತ್ತಿದ್ದ. ಅಪ್ಪ ಬಡಗಿ. ಸೀಸ ಕರಗಿಸಿ ಎರಡು ಸೈನ್ಯ ಎರೆದ. ತನ್ನ ಕೆಲಸದ ಮೇಜಿನ ಗಾಯ, ಗೀರು, ಮೊಳೆಗಳನ್ನೆಲ್ಲ ಬಟ್ಟೆಯಲ್ಲಿ ಮುಚ್ಚಿ ರಣರಂಗ ಮಾಡಿದ. ಒಂದೇ ಬಿದಿರಿನಿಂದ ಗೇಣುದ್ದದ ಎರಡು ಕೋಲು ಕಡಿದು ಮಕ್ಕಳಿಗೆ ಒಂದೊಂದು ಕೊಟ್ಟ. ಕಾಲಾಳು ಒಂದು ಸರದಿಗೆ ಒಂದು ಕೋಲಿನಷ್ಟು ದೂರ ನಡೆಯಬೇಕು, ಕುದುರೆ ಎರಡು ಕೋಲು. ಸತ್ತವರಾರು, ಉಳಿದವರಾರು ಅನ್ನುವುದನ್ನು ದಾಳ ಹೇಳುತ್ತದೆ. ಅಪ್ಪ ಹೋಗಿ ಮೂವತ್ತು ವರ್ಷವಾಯಿತು. ಆಟ ನಿಂತಿರಲಿಲ್ಲ. ಜಗಳವೂ ನಿಂತಿರಲಿಲ್ಲ.

“ನಿಜವಾದ ಯುದ್ಧದಲ್ಲಿ ದಡಕ್ಕೆ ಮೊದಲು ಬಂದಿದ್ದು ನನ್ನ ಕಾಲಾಳು,” ಅಂದ ಅಣ್ಣ. “ಅಪ್ಪ ಇದ್ದಾಗ ಆಟದಲ್ಲೂ ಅವರೇ ಮೊದಲು ಬರ್ತಿದ್ರು. ಈಗ ಹತ್ತು ವರ್ಷದಿಂದ ನಿನ್ನ ಕುದುರೆನೇ ಮೊದಲು. ಹೆಂಗೋ ಅದು?”

“ನಿನ್ನವರಿಗೆ ವಯಸ್ಸಾಯ್ತು, ಅಣ್ಣ.”

ಟಕ್. ಟಕ್.

ಅತ್ತಿಗೆ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು. “ರೀ, ಮೇಜಿಗೆ ಹುಳ ಬಿದ್ದಿದೆ. ಸೋಮವಾರ ಬಂತು ಅಂದ್ರೆ ನಿಮ್ಮ ಕುರ್ಚಿ ಹತ್ರ ಚಿಟಿಕೆ ಪುಡಿ ಗುಡಿಸ್ತೀನಿ.”

“ಹುಳ ಮೇಜಿಗಲ್ಲ ಕಣೇ, ಮನೆಗೆ ಬಿದ್ದಿರೋದು,” ಎಂದ ಅಣ್ಣ, ತಮ್ಮನ ಮುಖ ನೋಡುತ್ತ.

ಹೆಂಡತಿ ಸತ್ತ ಮೇಲೆ ತಮ್ಮ ಈ ಮನೆಯ ಹಿಂದಿನ ಕೋಣೆಯಲ್ಲಿದ್ದ. ಮಕ್ಕಳಿಲ್ಲ. ವಾರವಿಡೀ ಗೊಂಬೆಗಳಿಗೆ ಬಣ್ಣ ಬಳಿಯುತ್ತಿದ್ದ, ಭಾನುವಾರಕ್ಕೆ ಕಾಯುತ್ತಿದ್ದ. ಅವನ ಬದುಕು ಅಷ್ಟೇ. ಅಣ್ಣನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಮಾತು ಎಸೆದ.

“ಯಾರ ಮೋಸ ಬಯಲಾಗುತ್ತೋ ಅವರು ಸೈನ್ಯ ಬಿಟ್ಟು ಮನೆಯಿಂದ ಆಚೆ. ಒಪ್ತೀಯಾ?”

“ನಂಗೇನು ಭಯ? ಒಪ್ಪಿದೆ.”

ಅಣ್ಣ ಒಂದು ವಾರ ನಿದ್ದೆಗೆಟ್ಟ. ಗೊಂಬೆಗಳ ಕಾಲಿನ ಸುತ್ತ ಸೀಮೆಸುಣ್ಣದ ಗೆರೆ ಎಳೆದ. ಯಾವುದೂ ಕದಲಿರಲಿಲ್ಲ. ದಾಳಗಳನ್ನು ನೂರು ಸಲ ಉರುಳಿಸಿದ. ಅವೂ ನೆಟ್ಟಗಿದ್ದವು. ಆಮೇಲೆ ಅವನ ಕಣ್ಣು ಕೋಲಿನ ಮೇಲೆ ಬಿತ್ತು. ತಮ್ಮ ತನ್ನ ಕೋಲನ್ನು ಎಲ್ಲೂ ಬಿಡುತ್ತಿರಲಿಲ್ಲ. ಅಳೆದದ್ದೇ ತಡ, ಸತ್ತ ಹೆಂಡತಿ ಹೊಲಿದುಕೊಟ್ಟಿದ್ದ ಚೀಲಕ್ಕೆ ಸೇರಿಸಿ ದಾರ ಎಳೆಯುತ್ತಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಮುಂದಿನ ಭಾನುವಾರ ಅವನು ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನನ್ನು ಕರೆತಂದ. ಕೂದಲೆಳೆ ವ್ಯತ್ಯಾಸವನ್ನೂ ಬಿಡದ ಮನುಷ್ಯ.

“ಚೀಲ ಬಿಚ್ಚೋ.”

ತಮ್ಮ ಬಿಚ್ಚಿದ. ಎರಡು ಕೋಲೂ ಮೇಜಿನ ಮೇಲೆ ಅಕ್ಕಪಕ್ಕ ಮಲಗಿದವು. ಗಡಿಯಾರದವನು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬಾಗಿದ.

“ನಿಮ್ಮ ತಮ್ಮನ ಕೋಲು ಅರ್ಧ ಬೆರಳು ಉದ್ದ,” ಎಂದ.

“ಕೇಳಿಸ್ತಾ? ಕೇಳಿಸ್ತಾ?” ಅಣ್ಣ ತನ್ನ ಕೋಲು ಎತ್ತಿಕೊಂಡು ನೆಲಕ್ಕೆ ಕುಟ್ಟಿದ. “ಒಂದೇ ಅಳತೆಗೆ ಕಡಿದು ಕೊಟ್ಟಿದ್ದು ಅಪ್ಪ! ಸತ್ತವನಿಗೂ ಟೋಪಿ ಹಾಕಿದ್ಯಲ್ಲೋ!”

ತಮ್ಮನ ಮುಖ ಬಿಳುಚಿತು. “ಕಡಿದ ಬಿದಿರು ಬೆಳೆಯುತ್ತಾ, ಅಣ್ಣ?”

“ಬೆಳೆಯಲ್ಲ. ಅದಕ್ಕೇ ಹೊಸದು ಕಡ್ಕೊಂಡಿದ್ದೀಯ.”

“ಯಜಮಾನರೇ, ಉದ್ದ ಯಾವುದು, ಗಿಡ್ಡ ಯಾವುದು ಅಂತ ನಾನು ಹೇಳಬಲ್ಲೆ,” ಎಂದ ಗಡಿಯಾರದವನು, ಗಾಜು ಜೇಬಿಗಿಳಿಸುತ್ತ. “ಸರಿ ಯಾವುದು ಅಂತ ನೀವೇ ನೋಡ್ಕೊಳ್ಳಿ.”

ಅಣ್ಣ ನೋಡಿಕೊಂಡಾಗಿತ್ತು. ಮೂರು ದಿನ ತಮ್ಮನಿಗೆ ಮುಖ ಕೊಡಲಿಲ್ಲ. ಅವನು ಊಟಕ್ಕೆ ಕೂತರೆ ತಾನು ಎದ್ದುಹೋದ. ಬುಧವಾರ ಬೆಳಿಗ್ಗೆ ತಮ್ಮ ಒಂದು ಪೆಟ್ಟಿಗೆ ಹಿಡಿದು ಹೊಸ್ತಿಲಿಗೆ ಬಂದ. ಕೋಲನ್ನು ಸೈನ್ಯದ ಪಕ್ಕ ಇಟ್ಟಿದ್ದ. ಚೀಲವನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡಿದ್ದ.

“ಹೋಗ್ತೀನಿ, ಅತ್ತಿಗೆ.”

“ಬರ್ತೀನಿ ಅನ್ನಪ್ಪ,” ಎಂದಳು ಅವಳು, ಕಣ್ಣು ಒರೆಸಿಕೊಳ್ಳುತ್ತ.

ಅವನು ಅನ್ನಲಿಲ್ಲ. ಎಲ್ಲಿಗೆ ಎಂದು ಅಣ್ಣ ಕೇಳಲಿಲ್ಲ.

ಮಾರನೆಯ ದಿನ ಅತ್ತಿಗೆ ಹುಳಕ್ಕೆ ಸೀಮೆಎಣ್ಣೆ ಹಾಕುತ್ತೇನೆಂದು ಗೊಂಬೆಗಳನ್ನು ಬುಟ್ಟಿಗೆ ತುಂಬಿ ಬಟ್ಟೆ ಎಳೆದಳು. ಮೇಜನ್ನು ಸುತ್ತೂ ತಡವಿದಳು, ಕಾಲುಗಳನ್ನೂ ತಡವಿದಳು.

“ಒಂದು ತೂತೂ ಇಲ್ಲ ಕಣ್ರೀ. ಮತ್ತೆ ಆ ಪುಡಿ ಎಲ್ಲಿಂದ ಬೀಳ್ತಿತ್ತು? ಇಲ್ನೋಡಿ, ಮಾವ ಏನೋ ಬರೆದಿದ್ದಾರೆ.”

ಮೇಜಿನ ಅಂಚಿನಲ್ಲಿ ಗೇಣು ದೂರಕ್ಕೆ ಎರಡು ಹಿತ್ತಾಳೆ ಮೊಳೆ. ನಡುವೆ ಅಪ್ಪನ ಪೆನ್ಸಿಲ್ ಅಕ್ಷರ: ಮಕ್ಕಳ ಕೋಲು.

ಅಣ್ಣ ತಮ್ಮನ ಕೋಲನ್ನು ಮೊಳೆಗಳ ನಡುವೆ ಇಟ್ಟ. ಅದು ಬಾಗಿಲಿಗೆ ಅಗುಳಿಯಂತೆ ಕೂತಿತು. ಅವನ ಹುಬ್ಬು ಗಂಟಿಕ್ಕಿತು. ತೆಗೆದು ತನ್ನದನ್ನು ಇಟ್ಟ. ಅದು ಅರ್ಧ ಬೆರಳು ಗಿಡ್ಡವಾಗಿ ಅತ್ತಿತ್ತ ಉರುಳಿತು.

“ಮೊಳೆ ಸರಿದಿದೆ. ಇದೂ ಮೋಸ!” ಎಂದು ಕೋಲನ್ನು ಎತ್ತಿ ಕುಟ್ಟಿದ. ಟಕ್. ಕುರ್ಚಿಯ ಪಕ್ಕ, ಅವಳು ಈಗಷ್ಟೇ ಒರೆಸಿದ್ದ ಕಲ್ಲಿನ ಮೇಲೆ, ಚಿಟಿಕೆ ಹಳದಿ ಪುಡಿ ಉದುರಿತು.

ತಮ್ಮ ಮನೆ ಬಿಟ್ಟದ್ದು ಬುಧವಾರ. ಅಣ್ಣ ತನ್ನ ಕೋಲಿನ ಸವೆದ ತುದಿಯನ್ನು ತಿರುಗಿಸಿ ನೋಡಿದ್ದು ಗುರುವಾರ.