ಹೆಪ್ಪುಗಟ್ಟಿದ ಕೆರೆ

ಕಾಲಡಿಯ ಮಂಜುಗಡ್ಡೆ ಲಟಕ್ಕೆಂದಾಗ ಹುಡುಗಿಗೆ ಜೀವ ಬಾಯಿಗೆ ಬಂತು. ವೃದ್ಧಾಶ್ರಮದ ಹಿಂದಿನ ಕೆರೆ ಹೆಪ್ಪುಗಟ್ಟಿತ್ತು. ಅದರ ನಡುವೆ, ಇವಳಿಂದ ನಾಲ್ಕಾರು ಮಾರು ಮುಂದೆ, ಆಶ್ರಮದ ಮರೆವಿನ ಅಜ್ಜಿಯೊಬ್ಬಳು ಬರೀ ತೆಳು ನೈಟಿಯಲ್ಲಿ ನಿಂತಿದ್ದಳು. ಹಬ್ಬದ ರಜೆಗೆ ನರ್ಸುಗಳೆಲ್ಲ ಹೋಗಿ, ಆ ಮಧ್ಯಾಹ್ನ ಉಳಿದವರು ಅಡುಗೆಯವನು ಮತ್ತು ದೂರದೇಶದಿಂದ ಸ್ವಯಂಸೇವೆಗೆ ಬಂದಿದ್ದ ಇವಳು. ಫ್ರಿಜ್ಜಿನದು ಬಿಟ್ಟರೆ ಬೇರೆ ಐಸನ್ನೇ ಕಂಡವಳಲ್ಲ. ಆದರೂ ಅಜ್ಜಿಯನ್ನು ಕಂಡದ್ದೇ ಓಡಿಬಂದಿದ್ದಳು.

“ಅಲ್ಲೇ ಇರಮ್ಮ, ಏಣಿ ತರ್ತೀನಿ,” ಎಂದು ದಡದಿಂದ ಕೂಗಿ ಅಡುಗೆಯವನು ಓಡಿದ. ಹುಡುಗಿಯ ಕಾಲು ಮುಂದಕ್ಕೂ ಹೋಗಲೊಲ್ಲದು, ಹಿಂದಕ್ಕೂ ಬರಲೊಲ್ಲದು. ಬೂಟಿನ ಸುತ್ತ ಬಿಳಿ ಬಿರುಕುಗಳು ಬಿಟ್ಟು, ಅವುಗಳಿಂದ ಕಪ್ಪು ನೀರು ಜಿನುಗತೊಡಗಿತು.

ಅಜ್ಜಿ ತಿರುಗಿ ನೋಡಿದಳು. ಬೆಳಿಗ್ಗೆ ಚಮಚ ಹಿಡಿಯುವುದನ್ನೇ ಮರೆತು ಕೂತಿದ್ದವಳು ಈಗ ಹೆತ್ತತಾಯಿಯಂತೆ ಗದರಿದಳು. “ನಿಂತ್ಕೋಬೇಡ. ಮೆಲ್ಲಗೆ ಹೊಟ್ಟೆ ಮೇಲೆ ಮಲಕ್ಕೋ. ಕೈಕಾಲು ಅಗಲ ಮಾಡು. ಕೆಳಗೆ ನೋಡ್ಬೇಡ, ನನ್ನ ಮುಖ ನೋಡು.” ಹುಡುಗಿ ಹಾಗೇ ಮಲಗಿದಳು. ಅಜ್ಜಿ ತಾನೂ ಬೋರಲು ಮಲಗಿ, ಬಿರುಕನ್ನು ದೂರದಿಂದ ಬಳಸಿಕೊಂಡು ದಡದತ್ತ ತೆವಳಿದಳು. ಮಾತು ಮಾತ್ರ ನಿಲ್ಲಿಸಲಿಲ್ಲ. ಅಡುಗೆಯವನು ದಡದಿಂದ ತಳ್ಳಿದ ಏಣಿ ಐಸಿನ ಮೇಲೆ ಜಾರಿ ಬಂತು.

“ಮೊದ್ಲು ನೀನು ಹಿಡ್ಕೋ.”

“ಅಜ್ಜಿ, ನೀವು…”

“ಹೇಳಿದ್ದು ಕೇಳು.”

ಇಬ್ಬರೂ ದಡ ಸೇರಿದ ಮೇಲೆ ಅಡುಗೆಯವನು ತನ್ನ ಕೋಟು ಬಿಚ್ಚಿ ಅಜ್ಜಿಗೆ ಹೊದಿಸಿದ. “ಭಯ ಆಯ್ತಾ ಮಗಾ?” ಎಂದಳು ಅಜ್ಜಿ. ಹುಡುಗಿಯ ಕೈಯನ್ನು ಎಳೆದು ಕೋಟಿನೊಳಗೆ ತನ್ನ ಎದೆಗೆ ಒತ್ತಿಕೊಂಡಳು. ಆ ಮುದಿ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.